ಕರೆದರೆ ಓಗೊಡುವಷ್ಟು ಮಂಪರು

ಊಟಕ್ಕೆ ಕೂತವರಿಗೆ ಇದ್ದಕ್ಕಿದ್ದಂತೆ ನೆತ್ತಿಗೆ ಹತ್ತಿದರೆ ಪಕ್ಕದಲ್ಲಿದ್ದವರು ತಲೆ ತಟ್ಟುತ್ತಾರೆ. ‘ಯಾರೋ ನೆನೆಸ್ಕೊಳ್ತಿದಾರೆ’ ಅನ್ನುತ್ತಾರೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ಒಂದು ಗುಟುಕು ನೀರು ಕುಡಿದು, ಮತ್ತೆ ತಟ್ಟೆಗೆ ಕೈಹಾಕಿದರೆ ಆ ಪ್ರಸಂಗ ಮುಗಿಯಿತು. ಹತ್ತಿದ್ದು ನೆತ್ತಿಗಲ್ಲವೆಂದು ಎಲ್ಲರಿಗೂ ಗೊತ್ತು. ಅನ್ನದ ಅಗುಳೋ ನೀರಿನ ಹನಿಯೋ ಉಸಿರಿನ ದಾರಿಯ ಬಾಗಿಲಿಗೆ ತಾಗಿರುತ್ತದೆ. ಕಾವಲಿಗಿರುವ ಕೆಮ್ಮು ಅದನ್ನು ಹೊರಗೆ ದಬ್ಬಿರುತ್ತದೆ.

ಮನುಷ್ಯನ ಗಂಟಲು ಒಂದೇ, ಅದರ ಕೆಳಗೆ ಕವಲು ಎರಡು. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ನುಂಗುವ ಪ್ರತಿ ಸಲವೂ ಉಸಿರು ಕ್ಷಣಕಾಲ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ, ಅದರ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಷ್ಟೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಆಗಬೇಕು. ವಯಸ್ಸಾದಂತೆ ಈ ಲಯ ನಿಧಾನವಾಗುತ್ತದೆ, ಕೆಮ್ಮಿನ ಕಸುವು ಕುಗ್ಗುತ್ತದೆ. ಕೆಲವು ವೃದ್ಧರಲ್ಲಿ ಎಂಜಲು ಶ್ವಾಸಕೋಶದತ್ತ ಜಾರಿದರೂ ಕೆಮ್ಮೇ ಬರುವುದಿಲ್ಲ. ಕೆಲವು ದಿನಗಳ ಮೇಲೆ ಜ್ವರ, ದಮ್ಮು ಕಾಣಿಸಿಕೊಂಡಾಗಲೇ ಅದು ತಿಳಿಯುವುದು.

ಇಂಥ ಗಂಟಲಿನೊಳಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ದಪ್ಪದ ಕೊಳವೆ ಇಳಿಸಿ, ಅದು ಕಷ್ಟವಾಗದಿರಲೆಂದು ಮಂಪರಿನ ಮದ್ದು ಕೊಡುವುದು ಎಂಡೋಸ್ಕೋಪಿ ಕೋಣೆಗಳಲ್ಲಿ ದಿನವೂ ನಡೆಯುವ ಕೆಲಸ. ಬಹುಪಾಲು ಸಲ ಏನೂ ಆಗುವುದಿಲ್ಲ. ಆದರೆ ಆ ‘ಏನೂ ಆಗುವುದಿಲ್ಲ’ ಎಂಬ ಸ್ಥಿತಿಗೆ ಬರಲು ವೈದ್ಯಕೀಯಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಎಂಡೋಸ್ಕೋಪಿಯ ಚರಿತ್ರೆಯನ್ನು ಸಾಮಾನ್ಯವಾಗಿ ಕಾಣುವುದರ ಚರಿತ್ರೆಯಾಗಿ ಹೇಳುತ್ತಾರೆ: ಮೊದಲು ಕತ್ತಲು, ಆಮೇಲೆ ದೀಪ, ಕನ್ನಡಿ, ಗಾಜಿನ ಎಳೆ, ಕ್ಯಾಮೆರಾ. ಅದರ ಪಕ್ಕದಲ್ಲೇ ಇನ್ನೊಂದು ಚರಿತ್ರೆ ಸಾಗಿಬಂದಿದೆ. ವೈದ್ಯರು ಹೊಟ್ಟೆಯನ್ನು ನೋಡುತ್ತಿರುವಾಗ ಉಸಿರನ್ನು ನೋಡಿಕೊಳ್ಳುವವರು ಯಾರು ಎಂಬುದರ ಚರಿತ್ರೆ ಅದು.

ಕತ್ತಿ ನುಂಗುವವನು, ತಲೆ ಹಿಡಿಯುವಾಕೆ

1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ ನೆಟ್ಟನೆಯ ಲೋಹದ ಕೊಳವೆಯನ್ನು ಮನುಷ್ಯನ ಹೊಟ್ಟೆಯವರೆಗೆ ಇಳಿಸಿದ. ಉದ್ದ 47 ಸೆಂಟಿಮೀಟರ್, ಅಗಲ 13 ಮಿಲಿಮೀಟರ್. ಅದನ್ನು ನುಂಗಿದವನು ರೋಗಿಯಲ್ಲ, ಕತ್ತಿ ನುಂಗುವ ಪ್ರದರ್ಶನ ಕೊಟ್ಟು ಬದುಕುತ್ತಿದ್ದವನು. ತಲೆಯನ್ನು ಹಿಂದಕ್ಕೆ ಬಾಗಿಸಿ, ವಾಕರಿಕೆಯನ್ನು ಹತೋಟಿಯಲ್ಲಿಟ್ಟು, ಬಾಯಿಯಿಂದ ಜಠರದವರೆಗೆ ಒಂದೇ ಗೆರೆ ಮಾಡಿಕೊಳ್ಳುವುದು ಅವನ ಕಸುಬು. ಬೆಳಕು ಸಾಲದೆ ಕುಸ್‌ಮೌಲ್‌ಗೆ ಹೆಚ್ಚೇನೂ ಕಾಣಲಿಲ್ಲ. ಆದರೆ ದಾರಿ ಇದೆ ಎಂಬುದು ಗೊತ್ತಾಯಿತು.

ರೋಗಿಗಳು ಕತ್ತಿ ನುಂಗುವವರಲ್ಲ. 1881ರಲ್ಲಿ ವಿಯೆನ್ನಾದಲ್ಲಿ ಯೋಹಾನ್ ಮಿಕುಲಿಚ್ ವಿದ್ಯುತ್ ದೀಪವಿದ್ದ ಕೊಳವೆ ಬಳಸಿದಾಗ ರೋಗಿಗೆ ಮೊದಲು ಮಾರ್ಫಿನ್ ಚುಚ್ಚುತ್ತಿದ್ದ. ಗಂಟಲಿನ ಕಾವಲನ್ನು ಮದ್ದಿನಿಂದ ಸಡಿಲಿಸುವ ಕೆಲಸ ಹೀಗೆ ಶುರುವಿನಲ್ಲೇ ಎಂಡೋಸ್ಕೋಪಿಯ ಜೊತೆಗೂಡಿತು.

ಈ ವಿದ್ಯೆಯನ್ನು ದಿನಬಳಕೆಗೆ ತಂದವನು ಮ್ಯೂನಿಕ್‌ನ ರುಡಾಲ್ಫ್ ಶಿಂಡ್ಲರ್. ಉಪಕರಣ ತಯಾರಕ ಗಿಯೋರ್ಗ್ ವುಲ್ಫ್ ಜೊತೆ ಸೇರಿ 1932ರಲ್ಲಿ ಅವನು ತಂದ ಕೊಳವೆಯ ಕೆಳಭಾಗ ಸ್ವಲ್ಪ ಬಾಗುತ್ತಿತ್ತು. ಒಳಗೆ ಸಾಲಾಗಿ ಜೋಡಿಸಿದ ಮಸೂರಗಳು ಬಾಗಿನಲ್ಲೂ ಚಿತ್ರವನ್ನು ದಾಟಿಸುತ್ತಿದ್ದವು. ಯಹೂದಿ ಮೂಲದ ಶಿಂಡ್ಲರ್ ನಾಜಿ ಆಡಳಿತದಲ್ಲಿ ಬಂಧನಕ್ಕೊಳಗಾಗಿ, 1934ರಲ್ಲಿ ಶಿಕಾಗೋ ಸೇರಿದ. ಅಮೆರಿಕದಲ್ಲಿ ಈ ಶಾಖೆ ಬೆಳೆದದ್ದು ಅಲ್ಲಿಂದ.

ಶಿಂಡ್ಲರ್‌ನ ಕೋಣೆಯಲ್ಲಿ ಅವನಷ್ಟೇ ಮುಖ್ಯವಾಗಿದ್ದವಳು ಹೆಂಡತಿ ಗೇಬ್ರಿಯೆಲೆ. ಎಡಮಗ್ಗುಲಿಗೆ ಮಲಗಿದ ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿಯುವುದು ಅವಳ ಕೆಲಸ. ಕತ್ತು ಎಷ್ಟು ಬಾಗಬೇಕು, ಯಾವಾಗ ತಿರುಗಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು. ಎಂಜಲು ಬಾಯಿಂದ ಹೊರಗೆ ಹರಿದುಹೋಗುತ್ತಿದೆಯೇ, ಮುಖದ ಬಣ್ಣ ಹೇಗಿದೆ, ರೋಗಿ ಹೆದರಿದ್ದಾನೆಯೇ ಎಂಬುದೆಲ್ಲ ತಲೆ ಹಿಡಿದವರಿಗೆ ಮೊದಲು ತಿಳಿಯುತ್ತದೆ. ಗಂಟಲು ಮರಗಟ್ಟಿದ್ದರೂ ರೋಗಿ ಬಹುಮಟ್ಟಿಗೆ ಎಚ್ಚರದಲ್ಲಿರುತ್ತಿದ್ದ, ಅವನ ಪಕ್ಕದಲ್ಲಿ ಅವನನ್ನೇ ನೋಡುವ ಒಬ್ಬರು ಇರುತ್ತಿದ್ದರು. ಕೊಳವೆ ಗಡುಸಾಗಿದ್ದುದರಿಂದ ಅನ್ನನಾಳ ಹರಿಯುವ ಅಪಾಯವಿತ್ತು. ಉಸಿರಿನ ಮಟ್ಟಿಗೆ ಹೇಳುವುದಾದರೆ ಆ ಏರ್ಪಾಡು ನಂತರದ ಹಲವು ಕೋಣೆಗಳಿಗಿಂತ ಸುರಕ್ಷಿತವಾಗಿತ್ತು.

ಗಾಜಿನ ಎಳೆ ಮತ್ತು ನಿದ್ದೆಯ ಚುಚ್ಚುಮದ್ದು

1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನರಿಂದರ್ ಸಿಂಗ್ ಕಪಾನಿ ಒಂದು ಬರಹ ಪ್ರಕಟಿಸಿದರು. ಕಪಾನಿ ಪಂಜಾಬಿನ ಮೋಗಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದವರು. ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟನ್ನು ಬಾಗಿಸಿದರೂ ಚಿತ್ರ ಆ ತುದಿಯಿಂದ ಈ ತುದಿಗೆ ದಾಟುತ್ತದೆ ಎಂಬುದು ಅದರ ಸಾರ. ದಕ್ಷಿಣ ಆಫ್ರಿಕಾ ಮೂಲದ ವೈದ್ಯ ಬೇಸಿಲ್ ಹಿರ್ಷೋವಿಟ್ಜ್ ಅದನ್ನು ಓದಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಗಡಿಗರೊಂದಿಗೆ ಅಂಥ ಎಳೆಗಳಿಂದ ಎಂಡೋಸ್ಕೋಪ್ ಮಾಡಿ, 1957ರಲ್ಲಿ ಮೊದಲು ತಾನೇ ನುಂಗಿದ. ಕೆಲವು ದಿನಗಳ ನಂತರ ರೋಗಿಯೊಬ್ಬರ ಸರದಿ ಬಂತು.

ಬಳುಕುವ ಕೊಳವೆಗೆ ತಲೆಯನ್ನು ನೆಟ್ಟಗೆ ಹಿಡಿಯುವವರು ಬೇಡವಾದರು. ವೈದ್ಯರ ಒಂದು ಕಣ್ಣು ನೋಟದ ತುದಿಗೆ ಅಂಟಿಕೊಂಡಿತು, ಕೋಣೆಯ ದೀಪ ಮಂದವಾಯಿತು. ಇದೇ ಹೊತ್ತಿಗೆ ಔಷಧಗಳೂ ಬದಲಾದವು. 1963ರಲ್ಲಿ ಮಾರುಕಟ್ಟೆಗೆ ಬಂದ ಡಯಾಜೆಪಾಮ್ ಭಯವನ್ನು ಕಳೆಯುತ್ತಿತ್ತು, ನೆನಪನ್ನೂ ಮಸುಕು ಮಾಡುತ್ತಿತ್ತು. ತೊಂದರೆಯೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಬಳಸುತ್ತಿದ್ದ ದ್ರವ ರಕ್ತನಾಳವನ್ನು ಉರಿಸುತ್ತಿತ್ತು. 1970ರ ದಶಕದ ನಡುವಿನಲ್ಲಿ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ತಯಾರಾದ ಮಿಡಾಜೋಲಾಮ್ ನೀರಿನಲ್ಲಿ ಕರಗುತ್ತಿತ್ತು, ಉರಿಯುತ್ತಿರಲಿಲ್ಲ, ಬೇಗ ಹಿಡಿಯುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ರೋಗಿಗೆ ಏನೂ ನೆನಪಿರುತ್ತಿರಲಿಲ್ಲ. 1980ರ ದಶಕದಲ್ಲಿ ಎಂಡೋಸ್ಕೋಪಿ ಕೋಣೆಗಳು ಅದನ್ನು ತೆರೆದ ಕೈಯಿಂದ ಬರಮಾಡಿಕೊಂಡವು.

ಒಂದು ಲೆಕ್ಕ ತಪ್ಪಿತ್ತು. ಮಿಡಾಜೋಲಾಮ್ ಡಯಾಜೆಪಾಮ್‌ಗಿಂತ ಮಿಲಿಗ್ರಾಂಗೆ ಮಿಲಿಗ್ರಾಂ ಹಲವು ಪಟ್ಟು ಬಲವಾದದ್ದು. ಹಳೆಯ ಮದ್ದಿನ ಪ್ರಮಾಣಕ್ಕೆ ಕೈ ಪಳಗಿದ್ದವರು ಹೊಸದನ್ನೂ ಅದೇ ಅಳತೆಯಲ್ಲಿ ಕೊಟ್ಟರು. ಮೊದಲ ಸೀಸೆಗಳಲ್ಲಿ ಮದ್ದು ಗಾಢವಾಗಿತ್ತು, ಒಂದು ಮಿಲಿಲೀಟರಿಗೆ ಐದು ಮಿಲಿಗ್ರಾಂ. ಅದನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದೇ ಕಷ್ಟ.

ವೃದ್ಧರಲ್ಲಿ ಈ ತಪ್ಪು ಇಮ್ಮಡಿಯಾಗುತ್ತದೆ. ಅವರಲ್ಲಿ ರಕ್ತಸಂಚಾರ ನಿಧಾನ, ತೋಳಿಗೆ ಚುಚ್ಚಿದ ಮದ್ದು ಮಿದುಳನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು. ಒಂದು ನಿಮಿಷ ಕಾದು, ಕಣ್ಣು ಮುಚ್ಚಲಿಲ್ಲವೆಂದು ಇನ್ನೊಂದಿಷ್ಟು ಚುಚ್ಚಿದರೆ, ಎರಡೂ ಒಟ್ಟಿಗೆ ಹೋಗಿ ಕೆಲಸ ಮಾಡುತ್ತವೆ. ಮಿದುಳು ಮದ್ದಿಗೆ ಹೆಚ್ಚು ಸ್ಪಂದಿಸುತ್ತದೆ, ದೇಹ ಅದನ್ನು ಹೊರಹಾಕಲು ತಡಮಾಡುತ್ತದೆ. 1984ರ ಒಂದು ಅಧ್ಯಯನದಲ್ಲಿ ಯುವಕರ ರಕ್ತದಲ್ಲಿ ಮಿಡಾಜೋಲಾಮ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕಾದರೆ, ಹಿರಿಯ ಗಂಡಸರಲ್ಲಿ ಐದೂವರೆ ಗಂಟೆ ಹಿಡಿದಿತ್ತು.

ಸಾವುಗಳ ವರದಿಗಳು ಬರತೊಡಗಿದವು. ಹೆಚ್ಚಿನವು ಉಸಿರು ನಿಂತ ಸಾವುಗಳು. 1988ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿತು. ಮದ್ದಿನ ಸೂಚನಾಪತ್ರಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. ಅರವತ್ತು ದಾಟಿದವರಿಗೆ ಮೊದಲ ಸಲ ಒಂದೂವರೆ ಮಿಲಿಗ್ರಾಂ ಮೀರಬಾರದು, ಅದನ್ನೂ ಕನಿಷ್ಠ ಎರಡು ನಿಮಿಷದಲ್ಲಿ ಕೊಡಬೇಕು, ಆಮೇಲೆ ಕಾದು ನೋಡಬೇಕು ಎಂಬುದು ಈಗಿನ ಸೂಚನೆ. ಒಂದು ಮಿಲಿಲೀಟರಿಗೆ ಒಂದೇ ಮಿಲಿಗ್ರಾಂ ಇರುವ ತಿಳಿಯಾದ ಸೀಸೆಗಳೂ ಬಂದವು.

1990ರಲ್ಲಿ ಅಮೆರಿಕದ ಪೀಟರ್ ಬೇಲಿ ಮತ್ತು ಸಂಗಡಿಗರು ಇನ್ನೊಂದು ಗುಟ್ಟನ್ನು ಬಿಡಿಸಿದರು. ಆರೋಗ್ಯವಂತ 12 ಜನರಿಗೆ ಮಿಡಾಜೋಲಾಮ್ ಮಾತ್ರ ಕೊಟ್ಟಾಗ ಉಸಿರಿಗೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ನೋವಿನ ಮದ್ದಾದ ಫೆಂಟನಿಲ್ ಮಾತ್ರ ಕೊಟ್ಟಾಗ ಆರು ಜನರಲ್ಲಿ ರಕ್ತದ ಆಮ್ಲಜನಕ ಇಳಿಯಿತು, ಯಾರ ಉಸಿರೂ ನಿಲ್ಲಲಿಲ್ಲ. ಎರಡನ್ನೂ ಸೇರಿಸಿದಾಗ 11 ಜನರಲ್ಲಿ ಆಮ್ಲಜನಕ ಇಳಿಯಿತು, ಆರು ಜನರ ಉಸಿರು ನಿಂತೇಹೋಗಿತ್ತು. ಇವರೆಲ್ಲ ಗಟ್ಟಿಮುಟ್ಟಾದವರು. ಎಂಬತ್ತರ ಹೃದ್ರೋಗಿಯೊಬ್ಬರಿಗೆ ಅದೇ ಜೋಡಿಮದ್ದು ಕೊಟ್ಟರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಹದಿನಾಲ್ಕು ಸಾವಿರ ಪರೀಕ್ಷೆಗಳು

ವರದಿಯಾದ ಸಾವುಗಳಿಂದ ಅಪಾಯವಿದೆ ಎಂದು ತಿಳಿಯುತ್ತದೆ, ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಎಲ್ಲರನ್ನೂ ಎಣಿಸಬೇಕು. ಆ ಕೆಲಸ ಇಂಗ್ಲೆಂಡಿನಲ್ಲಿ ನಡೆಯಿತು. ಈಸ್ಟ್ ಆಂಗ್ಲಿಯಾ ಮತ್ತು ವಾಯವ್ಯ ಇಂಗ್ಲೆಂಡಿನ 36 ಆಸ್ಪತ್ರೆಗಳ 14,149 ಜಠರ ಎಂಡೋಸ್ಕೋಪಿಗಳ ಲೆಕ್ಕವನ್ನು 1995ರಲ್ಲಿ ‘ಗಟ್’ ಪತ್ರಿಕೆ ಪ್ರಕಟಿಸಿತು. ರೋಗ ಪತ್ತೆಗಷ್ಟೇ ಮಾಡಿದ ಪರೀಕ್ಷೆಗಳಲ್ಲಿ 2000ಕ್ಕೆ ಒಂದು ಸಾವು, 200ಕ್ಕೆ ಒಂದು ತೊಡಕು. ಎದ್ದುಕಂಡದ್ದು ಕೊಳವೆ ಚುಚ್ಚಿ ಆದ ಗಾಯಗಳಿಗಿಂತ ಹೃದಯ ಮತ್ತು ಉಸಿರಾಟದ ತೊಂದರೆಗಳು.

ಆ ವರದಿಯ ವಿವರಗಳು ಇಂದಿಗೂ ಎದೆ ಝಲ್ಲೆನಿಸುತ್ತವೆ. ಅರ್ಧದಷ್ಟು ರೋಗಿಗಳಿಗೆ ಮಾತ್ರ ರಕ್ತನಾಳದಲ್ಲಿ ಸೂಜಿ ಉಳಿಸಿಕೊಂಡಿದ್ದರು. ಎಂದರೆ ಉಳಿದವರ ಉಸಿರು ನಿಂತರೆ ಮದ್ದು ಕೊಡಲು ಹೊಸದಾಗಿ ನರ ಹುಡುಕಬೇಕಿತ್ತು. ಆಮ್ಲಜನಕ ಕೊಟ್ಟದ್ದು ಕೆಲವರಿಗೆ ಮಾತ್ರ. ಕೆಲವು ಘಟಕಗಳಲ್ಲಿ ಸಿಬ್ಬಂದಿ ಸಾಲದು, ಕೆಲವೆಡೆ ಪರೀಕ್ಷೆಯ ನಂತರ ಚೇತರಿಸಿಕೊಳ್ಳಲು ಜಾಗವೇ ಇಲ್ಲ. ಸಾಕಷ್ಟು ತರಬೇತಿಯಿಲ್ಲದ ಕಿರಿಯ ವೈದ್ಯರು ಮೇಲ್ವಿಚಾರಣೆಯಿಲ್ಲದೆ ಕೊಳವೆ ಇಳಿಸುತ್ತಿದ್ದರು. ಮದ್ದಿನ ಪ್ರಮಾಣ ಹೆಚ್ಚಿದ್ದುದಕ್ಕೂ ರೋಗಿಯ ಮೇಲೆ ನಿಗಾ ಇಲ್ಲದ್ದಕ್ಕೂ ಕೆಟ್ಟ ಪರಿಣಾಮಗಳಿಗೂ ಬಲವಾದ ನಂಟು ಕಂಡುಬಂತು.

ಇನ್ನೊಂದು ನಂಟು ಯಾರೂ ನಿರೀಕ್ಷಿಸದ ಕಡೆ ಇತ್ತು. ಗಂಟಲನ್ನು ಮರಗಟ್ಟಿಸುವ ಸ್ಪ್ರೇ ಬಳಸಿದವರಲ್ಲಿ ನ್ಯುಮೋನಿಯಾ ಹೆಚ್ಚು ಕಂಡಿತು. ಸ್ಪ್ರೇ ಒಂದೇ ಆದರೆ ರೋಗಿ ಎಚ್ಚರದಲ್ಲಿರುತ್ತಾನೆ, ಎಂಜಲನ್ನು ಉಗುಳಬಲ್ಲ. ಮಂಪರು ಒಂದೇ ಆದರೆ ಗಂಟಲಿಗೆ ಸ್ವಲ್ಪವಾದರೂ ಸ್ಪರ್ಶ ಉಳಿದಿರುತ್ತದೆ. ಎರಡೂ ಸೇರಿದರೆ ಊಟದ ಪಂಕ್ತಿಯಲ್ಲಿ ನೆತ್ತಿಗೆ ಹತ್ತಿಸುವ ಆ ಕಾವಲುಗಾರನ ಕಣ್ಣು ಕಟ್ಟಿದಂತೆ, ಕೈಯನ್ನೂ ಕಟ್ಟಿದಂತೆ.

ಬಣ್ಣ ನೋಡುವ ಕಣ್ಣು, ಬೆರಳಿನ ಬೆಳಕು

ಉಸಿರು ಕಡಿಮೆಯಾದರೆ ತುಟಿ ನೀಲಿಯಾಗುತ್ತದೆ, ಅದು ಕಾಣುತ್ತದಲ್ಲ ಎಂದು ವೈದ್ಯರು ಬಹುಕಾಲ ನಂಬಿದ್ದರು. 1947ರಲ್ಲಿ ಜೂಲಿಯಸ್ ಕಾಮ್ರೋ ಮತ್ತು ಸ್ಟೆಲ್ಲಾ ಬೊಟೆಲ್ಹೊ ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ರಕ್ತದ ಆಮ್ಲಜನಕ ಪ್ರಮಾಣ ಶೇಕಡಾ 80ರ ಆಸುಪಾಸಿಗೆ ಕುಸಿಯುವವರೆಗೂ ಹೆಚ್ಚಿನ ವೀಕ್ಷಕರಿಗೆ ನೀಲಿ ಖಚಿತವಾಗಿ ಕಾಣಲಿಲ್ಲ. ದೀಪ ಮಂದ ಮಾಡಿದ ಎಂಡೋಸ್ಕೋಪಿ ಕೋಣೆಯಲ್ಲಿ ಕಂದು ಚರ್ಮದ ರೋಗಿಯ ಬಣ್ಣ ನೋಡಿ ಉಸಿರು ಅಳೆಯುವುದೆಂದರೆ ಅಮಾವಾಸ್ಯೆಯಲ್ಲಿ ಕರಿ ಎಮ್ಮೆ ಹುಡುಕಿದಂತೆ.

ಪರಿಹಾರ ಬಂದದ್ದು ಜಪಾನಿನಿಂದ. ನಿಹೊನ್ ಕೊಹ್ಡೆನ್ ಕಂಪನಿಯ ಇಂಜಿನಿಯರ್ ತಾಕುವೊ ಅವೊಯಾಗಿ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂಬುದನ್ನು ಬೆಳಕಿನಿಂದ ಅಳೆಯಲು ಹೊರಟಿದ್ದರು. ನಾಡಿಯ ಬಡಿತ ಅಳತೆಯನ್ನು ಕೆಡಿಸುತ್ತಿತ್ತು. ಆ ಅಡಚಣೆಯನ್ನು ತೆಗೆದುಹಾಕುವ ಯತ್ನದಲ್ಲಿ, ನಾಡಿಯೊಂದಿಗೆ ಏರಿಳಿಯುವ ಭಾಗದಲ್ಲೇ ಅಪಧಮನಿಯ ಆಮ್ಲಜನಕದ ಸುದ್ದಿ ಇದೆ ಎಂಬುದು ಅವರಿಗೆ ಹೊಳೆಯಿತು. 1974ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1980ರ ದಶಕದಲ್ಲಿ ಪಲ್ಸ್ ಆಕ್ಸಿಮೀಟರ್ ಆಪರೇಷನ್ ಥಿಯೇಟರುಗಳಿಗೆ ಬಂತು, ಅಲ್ಲಿಂದ ಎಂಡೋಸ್ಕೋಪಿ ಕೋಣೆಗೆ. ಕೊರೊನಾ ಕಾಲದಲ್ಲಿ ಅದು ಮನೆಮನೆಗೂ ಬಂದಿತು. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಜಗತ್ತು ಅವರ ಉಪಕರಣಕ್ಕೆ ಬೆರಳು ಕೊಟ್ಟು ಕೂತಿದ್ದ ಹೊತ್ತಿನಲ್ಲಿ.

ಬ್ರಿಟನ್ನಿನಲ್ಲಿ ಡಂಕನ್ ಬೆಲ್ ಮತ್ತು ಸಂಗಡಿಗರು 1991ರಲ್ಲೇ ಎಂಡೋಸ್ಕೋಪಿಗೆ ಮಂಪರಿನ ನಿಯಮಗಳನ್ನು ಪ್ರಕಟಿಸಿದ್ದರು. ನಿಯಮ ಕಾಗದದ ಮೇಲೆ ಬರುವುದಕ್ಕೂ ಕೋಣೆಯೊಳಗೆ ಬರುವುದಕ್ಕೂ ನಡುವೆ ಎಷ್ಟು ದೂರವೆಂಬುದನ್ನು 1995ರ ಎಣಿಕೆ ತೋರಿಸಿತು. 2008ರಲ್ಲೂ ಇಂಗ್ಲೆಂಡಿನ ರೋಗಿ ಸುರಕ್ಷಾ ಸಂಸ್ಥೆ, ಗಾಢ ಮಿಡಾಜೋಲಾಮ್ ಸೀಸೆಗಳನ್ನು ಸಾಮಾನ್ಯ ವಾರ್ಡುಗಳಿಂದ ತೆಗೆಯಿರಿ ಎಂದು ಮತ್ತೆ ಹೇಳಬೇಕಾಯಿತು.

ಆಕ್ಸಿಮೀಟರಿಗೂ ಮಿತಿಯಿದೆ. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಂಭವ ಹೆಚ್ಚೆಂದು 2020ರ ಅಮೆರಿಕದ ಅಧ್ಯಯನವೊಂದು ಎತ್ತಿ ತೋರಿಸಿತು. ಇನ್ನೊಂದು ಮಿತಿ ಅದರ ಸ್ವಭಾವದಲ್ಲೇ ಇದೆ. ಅದು ಅಳೆಯುವುದು ರಕ್ತದಲ್ಲಿರುವ ದಾಸ್ತಾನನ್ನು, ಉಸಿರಾಟವನ್ನಲ್ಲ. ಮೂಗಿಗೆ ಆಮ್ಲಜನಕ ಕೊಟ್ಟಿದ್ದರೆ ಉಸಿರು ನಿಂತ ಮೇಲೂ ಕೆಲಹೊತ್ತು ಅಂಕಿ 98 ಎಂದೇ ತೋರಿಸುತ್ತದೆ. ಕಣಜದಲ್ಲಿ ಧಾನ್ಯ ಇರುವವರೆಗೆ ಗದ್ದೆ ಒಣಗಿದ್ದು ಗೊತ್ತಾಗುವುದಿಲ್ಲ. ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಆ ಗದ್ದೆಯನ್ನೇ ನೋಡುತ್ತದೆ. ಉಸಿರು ನಿಂತ ಕೂಡಲೇ ಪರದೆಯ ಅಲೆ ಮಟ್ಟಸವಾಗುತ್ತದೆ. ಮಧ್ಯಮ ಮತ್ತು ಗಾಢ ಮಂಪರಿನಲ್ಲಿ ಅದನ್ನು ಬಳಸಬೇಕೆಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2011ರಿಂದ ತನ್ನ ಮಾನದಂಡದಲ್ಲಿ ಸೇರಿಸಿದೆ.

ಮದ್ದು ಕೊಡುವ ಮೊದಲೇ ಗಂಟಲನ್ನು ಓದುವ ಬಗೆಯೂ ಬಂತು. ಆಂಧ್ರದ ಗುಂಟೂರು ಜಿಲ್ಲೆಯಿಂದ ಬಾಸ್ಟನ್‌ಗೆ ಹೋದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ, ಬಾಯಿ ಅಗಲಿಸಿ ನಾಲಗೆ ಚಾಚಿದಾಗ ಕಿರುನಾಲಗೆ ಎಷ್ಟು ಕಾಣುತ್ತದೆ ಎಂಬುದರಿಂದ ಶ್ವಾಸಮಾರ್ಗ ಎಷ್ಟು ಇಕ್ಕಟ್ಟೆಂದು ಊಹಿಸಬಹುದೆಂದರು. 210 ರೋಗಿಗಳ ಮೇಲೆ ಮಾಡಿದ ಆ ಅಧ್ಯಯನ ಪ್ರಕಟವಾದದ್ದು 1985ರಲ್ಲಿ. ಬೇಕಾದದ್ದು ಒಂದು ಟಾರ್ಚು, ಅರ್ಧ ನಿಮಿಷ. ‘ಬಾಯಿ ತೆಗೀರಿ, ನಾಲಗೆ ಚಾಚಿ’ ಎಂಬ ಮಾತು ಇಂದು ಎಲ್ಲ ದೇಶಗಳ ಆಸ್ಪತ್ರೆಗಳಲ್ಲಿ ಅವರ ಹೆಸರಿನಲ್ಲೇ ನಡೆಯುತ್ತದೆ.

2014, ಮ್ಯಾನ್‌ಹಟನ್

1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಪ್ರೊಪೊಫೋಲ್ ಹಾಲಿನಂತೆ ಬಿಳಿ. ಅರ್ಧ ನಿಮಿಷದಲ್ಲಿ ನಿದ್ದೆ, ಕೆಲವು ನಿಮಿಷಗಳಲ್ಲಿ ತಿಳಿಯಾದ ಎಚ್ಚರ. ಮಿಡಾಜೋಲಾಮ್ ಹೆಚ್ಚಾದರೆ ಅದನ್ನು ಇಳಿಸಲು ಫ್ಲುಮಾಜೆನಿಲ್ ಇದೆ. ಪ್ರೊಪೊಫೋಲ್‌ಗೆ ಅಂಥ ಪ್ರತಿಮದ್ದಿಲ್ಲ. ಮಂಪರಿಗೂ ಪೂರ್ಣ ಅರಿವಳಿಕೆಗೂ ನಡುವಿನ ಹೊಸ್ತಿಲು ಅದರಲ್ಲಿ ಬಹಳ ತಗ್ಗು, ರೋಗಿ ಯಾವಾಗ ದಾಟಿದನೆಂದು ತಿಳಿಯುವುದಿಲ್ಲ.

2014ರ ಆಗಸ್ಟ್ 28ರಂದು ಅಮೆರಿಕದ ಹಾಸ್ಯ ಕಲಾವಿದೆ ಜೋನ್ ರಿವರ್ಸ್ ಮ್ಯಾನ್‌ಹಟನ್‌ನ ಹೊರರೋಗಿ ಕೇಂದ್ರವೊಂದಕ್ಕೆ ಪರೀಕ್ಷೆಗೆಂದು ಹೋದರು. ಅವರಿಗೆ 81 ವರ್ಷ. ಧ್ವನಿಪೆಟ್ಟಿಗೆ ಮತ್ತು ಜಠರ ಎರಡನ್ನೂ ನೋಡುವುದಿತ್ತು. ಪ್ರೊಪೊಫೋಲ್ ಮಂಪರಿನಲ್ಲಿ ಆಮ್ಲಜನಕ ಕುಸಿಯಿತು, ಹೃದಯ ನಿಂತಿತು. ಸೆಪ್ಟೆಂಬರ್ 4ರಂದು ಅವರು ತೀರಿಕೊಂಡರು. ಆಮ್ಲಜನಕವಿಲ್ಲದೆ ಮಿದುಳಿಗಾದ ಹಾನಿಯೇ ಸಾವಿಗೆ ಕಾರಣವೆಂದು ವೈದ್ಯಕೀಯ ಪರೀಕ್ಷಕರ ಕಚೇರಿ ಹೇಳಿತು. ಅವರ ದೇಹಸ್ಥಿತಿ ಹದಗೆಡುತ್ತಿದ್ದುದನ್ನು ಸಕಾಲದಲ್ಲಿ ಗುರುತಿಸಿ ಕ್ರಮ ಕೈಗೊಳ್ಳಲಿಲ್ಲ, ಮಂಪರು ಕೊಡುವ ಮೊದಲು ತೂಕ ದಾಖಲಿಸಿರಲಿಲ್ಲ ಎಂದು ಸರ್ಕಾರಿ ತಪಾಸಣೆ ಕಂಡುಕೊಂಡಿತು. ಆ ಹೊತ್ತಿನಲ್ಲಿ ರೋಗಿಯ ಫೋಟೊ ತೆಗೆದದ್ದೂ ವರದಿಯಲ್ಲಿತ್ತು.

ಕುಸ್‌ಮೌಲ್‌ನ ಕಾಲದಲ್ಲಿ ಇಲ್ಲದ್ದೆಲ್ಲ ಈಗ ಇತ್ತು. ಗೇಬ್ರಿಯೆಲೆ ಶಿಂಡ್ಲರ್ ಕೈಯಲ್ಲಿ ಹಿಡಿದು ತಿಳಿಯುತ್ತಿದ್ದದ್ದನ್ನು ಅಂಕಿಗಳಲ್ಲಿ ತೋರಿಸುವ ಯಂತ್ರಗಳು ಬಂದಿದ್ದವು. ಅಂಕಿ ಇಳಿಯುವುದಕ್ಕೂ ಯಾರೋ ಒಬ್ಬರು ‘ನಿಲ್ಲಿಸಿ’ ಎನ್ನುವುದಕ್ಕೂ ನಡುವೆ ಎಷ್ಟು ಹೊತ್ತು ಹೋಗುತ್ತದೆ ಎಂಬುದು ಮಾತ್ರ ಯಂತ್ರದ ಕೈಯಲ್ಲಿರಲಿಲ್ಲ.

ಓಗೊಡುವುದು

ಮಂಪರಿನ ಆಳವನ್ನು ಹೇಳಲು ವೈದ್ಯರಿಗೂ ಮಾತು ಸಿಕ್ಕಿರಲಿಲ್ಲ. ‘ಎಚ್ಚರದ ಮಂಪರು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವನ್ನು ಕೈಬಿಟ್ಟು ಅಮೆರಿಕದ ಅರಿವಳಿಕೆ ತಜ್ಞರು ಅದನ್ನು ನಾಲ್ಕು ಮೆಟ್ಟಿಲಾಗಿ ಹೇಳಿದರು: ಕನಿಷ್ಠ, ಮಧ್ಯಮ, ಗಾಢ, ಪೂರ್ಣ ಅರಿವಳಿಕೆ. ಮಧ್ಯಮ ಮೆಟ್ಟಿಲಿನ ಗುರುತು ಸರಳ. ಹೆಸರು ಹಿಡಿದು ಕರೆದಾಗ ಅಥವಾ ಮೆಲ್ಲಗೆ ಮುಟ್ಟಿದಾಗ ರೋಗಿ ಅರ್ಥವಿಟ್ಟು ಉತ್ತರಿಸಬೇಕು. ಚಿವುಟಿದಾಗ ಕೈ ಎಳೆದುಕೊಂಡರೆ ಅದು ಉತ್ತರವಲ್ಲ. ಕನ್ನಡದಲ್ಲಿ ಇದಕ್ಕೆ ಹಳೆಯ ಮಾತೊಂದಿದೆ, ಓಗೊಡುವುದು. ಕರೆದರೆ ‘ಓ’ ಎನ್ನುವವರೆಗೆ ಗಂಟಲಿನ ಕಾವಲುಗಾರನಿಗೂ ಅರ್ಧ ಎಚ್ಚರವಿರುತ್ತದೆ. ಓಗೊಡುವುದು ನಿಂತರೆ ನಾಲಗೆ ಹಿಂದಕ್ಕೆ ಜಾರಿ ದಾರಿ ಮುಚ್ಚಬಹುದು. ಆಗ ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಎತ್ತಿದರೆ ದಾರಿ ತೆರೆಯುತ್ತದೆಂದು 1950ರ ದಶಕದಲ್ಲಿ ಬಾಲ್ಟಿಮೋರ್‌ನಲ್ಲಿ ಪೀಟರ್ ಸಫಾರ್ ಪ್ರಯೋಗದಿಂದ ತೋರಿಸಿದ್ದರು. ಅದಕ್ಕೆ ಬೇಕಾದದ್ದು ಎರಡು ಕೈ, ಮತ್ತು ಆ ಕೈಗಳ ಒಡೆಯರು ಆ ಹೊತ್ತಿಗೆ ರೋಗಿಯ ತಲೆಯ ಬಳಿ ಇರುವುದು.

ಹೊಸ ದಾರಿಗಳು ಬರುತ್ತಲೇ ಇವೆ. ಚೀನಾದಲ್ಲಿ 1,994 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂಗಿನ ಮೂಲಕ ರಭಸವಾಗಿ ಆಮ್ಲಜನಕ ಕೊಟ್ಟಾಗ ಅದರ ಕೊರತೆ ಶೇಕಡಾ 8.4ರಿಂದ ಸೊನ್ನೆಗೆ ಇಳಿಯಿತು. ತೆಳ್ಳನೆಯ ಕೊಳವೆಯನ್ನು ಮೂಗಿನಿಂದಲೇ ಇಳಿಸಿ ಮಂಪರನ್ನೇ ಬಿಡುವ ಪದ್ಧತಿಯೂ ಇದೆ. ಬರೀ ಸ್ಪ್ರೇ ಹಾಕಿಸಿಕೊಂಡು ಐದು ನಿಮಿಷ ಸಹಿಸುವ ವೃದ್ಧರು ಬಹಳ ಜನ.

ತಂದೆತಾಯಿಯನ್ನು ಕರೆದುಕೊಂಡು ಎಂಡೋಸ್ಕೋಪಿಗೆ ಹೋಗುವವರ ಪಾಲಿಗೆ ಈ ಚರಿತ್ರೆ ಕೆಲವು ಪ್ರಶ್ನೆಗಳಾಗಿ ಉಳಿದಿದೆ. ಮಂಪರು ಬೇಕೇಬೇಕೇ? ಮದ್ದು ಯಾವುದು, ಅದನ್ನು ಕೊಡುವವರು ಯಾರು? ಕೊಳವೆ ಹಿಡಿದವರನ್ನು ಬಿಟ್ಟು ಉಸಿರನ್ನೇ ನೋಡಲು ಇನ್ನೊಬ್ಬರು ಇರುತ್ತಾರೆಯೇ? ಕೇಳುವುದರ ಜೊತೆಗೆ ಹೇಳಬೇಕಾದದ್ದೂ ಇದೆ: ರಾತ್ರಿಯ ಜೋರು ಗೊರಕೆ, ಅಲುಗಾಡುವ ಹಲ್ಲು, ತೆಗೆಯಬೇಕಾದ ಕಟ್ಟುಹಲ್ಲು, ಊಟದಲ್ಲಿ ಮೇಲಿಂದ ಮೇಲೆ ನೆತ್ತಿಗೆ ಹತ್ತುವುದು, ನಿದ್ದೆ ಮಾತ್ರೆ, ಹೊಟ್ಟೆ ಖಾಲಿಯಾಗುವುದನ್ನು ತಡಮಾಡುವ ಡಯಾಬಿಟಿಸ್‌ನ ಹೊಸ ಚುಚ್ಚುಮದ್ದು. ಲಘು ಆಹಾರಕ್ಕೆ ಆರು ಗಂಟೆ, ತಿಳಿನೀರಿಗೆ ಎರಡು ಗಂಟೆ ಎಂಬ ಉಪವಾಸದ ಸಾಮಾನ್ಯ ಲೆಕ್ಕವನ್ನು ‘ಒಂದ್ ಲೋಟ ಕಾಫಿ ಕುಡಿದ್ರೆ ಏನಾಗತ್ತೆ’ ಎಂದು ಮುರಿಯದಿರುವುದೂ ಮನೆಯವರ ಪಾಲಿನ ಕೆಲಸವೇ. ಹಾಲು ಹಾಕಿದ ಕಾಫಿ ತಿಳಿನೀರಿನ ಲೆಕ್ಕಕ್ಕೆ ಬರುವುದಿಲ್ಲ.

ನೆತ್ತಿಗೆ ಹತ್ತಿದವರ ತಲೆ ತಟ್ಟುವುದರಿಂದ ಶ್ವಾಸನಾಳದೊಳಗೆ ಏನೂ ಆಗುವುದಿಲ್ಲ, ಕೆಲಸ ಮಾಡುವುದು ಕೆಮ್ಮೇ. ಆದರೂ ತಟ್ಟಿದವರು ಪಕ್ಕದಲ್ಲಿದ್ದರು, ತಟ್ಟೆಯಿಂದ ಕಣ್ಣು ತೆಗೆದು ಕೆಮ್ಮಿದವರ ಮುಖ ನೋಡಿದ್ದರು. ಎಂಡೋಸ್ಕೋಪಿ ಕೋಣೆಯಲ್ಲಿ ಎಲ್ಲರೂ ಪರದೆಯ ಮೇಲಿನ ಜಠರವನ್ನು ನೋಡುತ್ತಿರುವಾಗ ರೋಗಿಯ ಮುಖ ನೋಡಲು ಒಬ್ಬರಾದರೂ ಇರಲಿ ಎಂಬುದು ನೂರೈವತ್ತು ವರ್ಷಗಳ ಅನುಭವ ಹೇಳಿಕೊಟ್ಟ ಪಾಠ.